ಜ್ಯೂಗ್ಮ ಶಬ್ದವೂ ರಾಸಾಯನಿಕ ಕ್ರಿಯಾಪಾತ್ರೆಯ ಅಂತರ್ದರ್ಶನವೂ

ಕಾಂತೀಯ ಅನುರಣನದಿಂದ ವಸ್ತುವಿನ ಒಳಭಾಗವನ್ನು ಚಿತ್ರಿಸುವ ವಿಧಾನವು ವೈದ್ಯಶಾಲೆಗಳ ಮೂಲಕ ಲೋಕಕ್ಕೆ ಪರಿಚಿತವಾಗಿರುವುದು. ಅದೇ ವಿಧಾನವು ರಾಸಾಯನಿಕ ಕ್ರಿಯಾಪಾತ್ರೆಗಳ ಪರೀಕ್ಷೆಗೂ ಸಾಧನವಾದುದನ್ನು ಅರಿತವರು ವಿರಳ. ಈ ಪ್ರಯೋಜನದ ಅರ್ಥವು ವಿಧಾನದ ಮೊದಲ ಹೆಸರಿನಲ್ಲಿಯೇ ಅಡಗಿತ್ತೆಂದು ತೋರಿಸುವುದು ಈ ಲೇಖನದ ಉದ್ದೇಶ.

1946ರಲ್ಲಿ ಅಮೆರಿಕೆಯ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಇವರ ತಂಡಗಳು ಪ್ರತ್ಯೇಕವಾಗಿ ಈ ಅನುರಣನವನ್ನು ಪ್ರಕಟಪಡಿಸಿದುವು. 1 ಟೆಸ್ಲಾ ಬಲದ ಕಾಂತಕ್ಷೇತ್ರದಲ್ಲಿ ಜಲಜನಕದ ಪರಮಾಣುಬೀಜವು ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಆವರ್ತನಗಳ ರೇಡಿಯೋ ತರಂಗಕ್ಕೆ ಓಗೊಡುತ್ತದೆ. ಕ್ಷೇತ್ರವು ಬಲವಾದಂತೆ ಆವರ್ತನವೂ ಏರುವುದು. 1973ರಲ್ಲಿ ಪಾಲ್ ಲಾಟರ್‌ಬರ್ ಅವರು ಕ್ಷೇತ್ರದ ಬಲವನ್ನು ಸ್ಥಳದಿಂದ ಸ್ಥಳಕ್ಕೆ ಕ್ರಮವಾಗಿ ಬದಲಿಸಿ, ಆವರ್ತನದಿಂದಲೇ ಸ್ಥಾನವನ್ನು ನಿರ್ಣಯಿಸಿದರು. ನೀರು ತುಂಬಿದ ಎರಡು ಸಣ್ಣ ನಳಿಗೆಗಳೇ ಅವರು ಚಿತ್ರಿಸಿದ ವಸ್ತು. ಈ ವಿಧಾನಕ್ಕೆ ಅವರಿಟ್ಟ ಹೆಸರು ‘ಜ್ಯೂಗ್ಮಟೋಗ್ರಫಿ’. ಗ್ರೀಕಿನ ‘ಜ್ಯೂಗ್ಮ’ವೆಂದರೆ ಜೋಡಿಸುವ ಸಾಧನ, ನಮ್ಮ ‘ಯುಜ್’ ಧಾತುವೂ ನೊಗವೆಂಬರ್ಥದ ‘ಯುಗ’ ಶಬ್ದವೂ ಅದರ ಜ್ಞಾತಿಗಳು.

ಕ್ರಿಯಾಪಾತ್ರೆಯ ವಿಷಯದಲ್ಲಿ ಹಿಂದಿನವರು ಬಹುಮಟ್ಟಿಗೆ ಒಳಹೋದುದನ್ನೂ ಹೊರಬಂದುದನ್ನೂ ಅಳೆದು ನಡುವಣ ವ್ಯಾಪಾರವನ್ನು ಊಹಿಸುತ್ತಿದ್ದರು. ಇದು ನೈಯಾಯಿಕರ ಶೇಷವತ್ ಅನುಮಾನ. ತುಂಬಿ ಹರಿವ ಹೊಳೆಯಿಂದ ಮೇಲೆ ಮಳೆಯಾಯಿತೆಂದು ತಿಳಿಯಬಹುದು. ಯಾವ ಇಳಿಜಾರಿನಲ್ಲಿ ಎಷ್ಟಾಯಿತೆಂದು ತಿಳಿಯಲಾಗದು.

2002ರಲ್ಲಿ ಕೇಂಬ್ರಿಜ್ಜಿನ ಲಿನ್ ಗ್ಲಾಡೆನ್ ಮತ್ತು ಸಹೋದ್ಯೋಗಿಗಳು ಈ ಕೊರತೆಯನ್ನು ನೀಗುವ ಪ್ರಯೋಗವೊಂದನ್ನು ಪ್ರಕಟಿಸಿದರು. ರಾಳದ ಮಣಿಗಳನ್ನು ಕ್ರಿಯಾವರ್ಧಕವಾಗಿ ತುಂಬಿದ ಪಾತ್ರೆಯಲ್ಲಿ ಮೆಥನಾಲೂ ಅಸಿಟಿಕ್ ಆಮ್ಲವೂ ಕೂಡಿ ಮೀಥೈಲ್ ಅಸಿಟೇಟೂ ನೀರೂ ಆಗುತ್ತಿದ್ದುವು. ರಾಸಾಯನಿಕ ಸ್ಥಿತಿಗನುಸಾರವಾಗಿ ಆವರ್ತನದಲ್ಲುಂಟಾಗುವ ಸೂಕ್ಷ್ಮಭೇದವನ್ನು ಎಡೆಯೆಡೆಗೂ ಓದಿದಾಗ, ಒಂದೇ ಎತ್ತರದ ಅಡ್ಡಛೇದದಲ್ಲಿಯೂ ಪರಿವರ್ತನೆಯು ಸಮನಾಗಿರಲಿಲ್ಲವೆಂದು ಸಿದ್ಧವಾಯಿತು. ಅದೇ ವರ್ಷ ನೊವೊಸಿಬಿರ್ಸ್ಕಿನ ಇಗೊರ್ ಕೊಪ್ಟ್ಯುಗ್ ಮತ್ತು ಸಂಗಡಿಗರು, ಕ್ರಿಯೆ ನಡೆಯುತ್ತಿರುವಾಗಲೇ ಕ್ರಿಯಾವರ್ಧಕದ ಒಂದೇ ಗುಳಿಗೆಯೊಳಗೆ ದ್ರವವು ಹರಡಿರುವ ಬಗೆಯನ್ನು ಚಿತ್ರಿಸಿದರು.

ವಿಧಾನಕ್ಕೆ ಮಿತಿಯುಂಟು. ಲೋಹದ ಗೋಡೆಯು ರೇಡಿಯೋ ತರಂಗವನ್ನು ತಡೆಯುವುದರಿಂದ ಕಾರ್ಖಾನೆಯ ಉಕ್ಕಿನ ಪಾತ್ರೆಯನ್ನು ಹೊರಗಿನಿಂದ ಹೀಗೆ ಪರೀಕ್ಷಿಸಲಾಗದು. ವಿರಳವಾದ ಅನಿಲದ ಧ್ವನಿಯೂ ಕ್ಷೀಣ.

ಇದು ಪ್ರತ್ಯಕ್ಷವೆಂದು ಹೇಳುವುದು ಅತ್ಯುಕ್ತಿಯಾದೀತು. ಚಿತ್ರವು ಗಣಿತದಿಂದ ಕಟ್ಟಿದುದು. ಆದುದರಿಂದ ಇದೂ ಅನುಮಾನವೇ. ಆದರೆ ಇಲ್ಲಿ ಲಿಂಗವು ಹೊರದಾರಿಯಲ್ಲಿ ದೊರೆತುದಲ್ಲ, ಸಾಧ್ಯವಿರುವ ಎಡೆಯಿಂದಲೇ ಬಂದುದು. ಲಾಟರ್‌ಬರ್ ಅವರಿಟ್ಟ ಹೆಸರು ಬಳಕೆಯಿಂದ ಜಾರಿತು. ‘ಎಲ್ಲಿ’ ಎಂಬುದನ್ನೂ ‘ಏನು’ ಎಂಬುದನ್ನೂ ಒಂದೇ ನೊಗಕ್ಕೆ ಹೂಡಿದ ಕ್ರಿಯಾಪಾತ್ರೆಯ ಅಧ್ಯಯನದಲ್ಲಿ ಅದರ ಅರ್ಥವು ಮಾತ್ರ ಉಳಿದಿರುವುದು.