ಚಿಕ್ಕಪೇಟೆಯ ಗುಗ್ಗರಿಯೂ ಬೇಗೂರಿನ ಕಲ್ಲೂ

ಡಿಸೆಂಬರಿನ ಒಂದು ಶನಿವಾರ ಸಂಜೆ. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದರೆ ಕಾಲಿಡೋಕೂ ಜಾಗ ಇಲ್ಲ. ರೇಷ್ಮೆ ಸೀರೆ ಅಂಗಡಿಯವರ ಕೂಗು, ಬಟ್ಟೆ ಗಂಟು ಹೊತ್ತ ಹಮಾಲಿಗಳ ‘ಸೈಡು ಸೈಡು’, ಅದರ ನಡುವೆ ಕಾದ ಎಣ್ಣೆಯ ವಾಸನೆ. ನಾನು ಹೋಗಿದ್ದು ಸೀರೆಗಲ್ಲ, ಅವರೆಕಾಳಿಗೆ. ದೊಡ್ಡಪೇಟೆ ಕಡೆಯ ಮೂಲೆಯಲ್ಲಿ ಒಬ್ಬರು ಅಜ್ಜಿ ಗುಗ್ಗರಿ ಮಾರ್ತಿದ್ದರು. ದೊನ್ನೆಗೆ ಹಾಕಿ, ಮೇಲೆ ಒಂದಿಷ್ಟು ಕಾಯಿತುರಿ ಉದುರಿಸಿ ಕೊಡುತ್ತಾ, “ತಿನ್ನಪ್ಪ, ಈ ಊರಿಗೆ ಹೆಸರು ಬಂದಿದ್ದೇ ಇದರಿಂದ” ಅಂದರು.

ಕಥೆ ನಿಮಗೆಲ್ಲ ಗೊತ್ತಿರುವುದೇ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರು ಆಯಿತು. ಶಾಸನ ಓದುವ ಚಟ ಇರುವವರು ಇಂಥ ಕಡೆ ಬಾಯಿ ಮುಚ್ಚಿಕೊಂಡು ತಿನ್ನಬೇಕು. ನನಗೆ ಆಗಲಿಲ್ಲ. “ಅಜ್ಜಿ, ಬೇಗೂರಿನ ದೇವಸ್ಥಾನದಲ್ಲಿ ಒಂದು ಕಲ್ಲಿದೆ. ಬಲ್ಲಾಳನಿಗಿಂತ ಮುನ್ನೂರು ವರ್ಷ ಹಳೇದು. ಅದರಲ್ಲೇ ಬೆಂಗಳೂರು ಅಂತ ಬರೆದಿದೆ” ಅಂದುಬಿಟ್ಟೆ.

ನಾಗೇಶ್ವರ ಗುಡಿಯ ಆ ಕಲ್ಲು ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದ್ದು. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತ ಸಂಗತಿ ಅದರಲ್ಲಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಮುಮ್ಮಡಿ ಬಲ್ಲಾಳ ಇನ್ನೂ ಈಚಿನವನು. ಹಾಗಾಗಿ ಅವರಿಬ್ಬರಲ್ಲಿ ಯಾರು ಕಾಳು ತಿಂದಿದ್ದರೂ ಹೆಸರು ಅದರಿಂದ ಹುಟ್ಟಿದ್ದಲ್ಲ.

ಅಜ್ಜಿ ಮುಖ ಸಣ್ಣಗೆ ಮಾಡಲಿಲ್ಲ. “ಕಲ್ಲಲ್ಲಿರೋ ಬೆಂಗಳೂರು ಇದೇನಾ?” ಅಂತ ಕೇಳಿದರು.

ಒಳ್ಳೆ ಪ್ರಶ್ನೆ. ಕೆಂಪೇಗೌಡರು ಈ ಪೇಟೆ ಕಟ್ಟಿಸಿದ್ದು 1537ರಲ್ಲಿ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರು ಎನ್ನುವುದು ಪ್ರತೀತಿ. ಕೊಡಿಗೇಹಳ್ಳಿ ಹತ್ತಿರ ಹಳೇಬೆಂಗಳೂರು ಅಂತ ಒಂದು ಹಳ್ಳಿ ಇತ್ತು, ಆ ಹೆಸರನ್ನೇ ಹೊಸ ಊರಿಗೆ ಇಟ್ಟರು ಎನ್ನುವ ಮಾತೂ ಇದೆ. ಅಂದರೆ ಹೆಸರು ಒಂದೇ, ನೆಲ ಬೇರೆ ಇರಬಹುದು. ನಾವು ಬೇಗೂರಿನ ಕಲ್ಲನ್ನು ಹಿಡಿದು ‘ಬೆಂಗಳೂರಿಗೆ ಸಾವಿರದ ನೂರು ವರ್ಷ’ ಅಂತ ಬರೆದು ಹಾಕುವಾಗ ಈ ಒಂದು ಹೆಜ್ಜೆ ಹಾರಿಬಿಡ್ತೀವಿ. ಕಲ್ಲಿನಲ್ಲಿ ಪದ ಉಳಿದಿರುತ್ತೆ, ಅದು ತೋರಿಸೋ ವಸ್ತು ಜಾಗ ಬದಲಾಯಿಸಿರುತ್ತೆ.

ಪಕ್ಕದ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಬೇಯುತ್ತಿತ್ತು. ಶಾಸನಗಳ ಸುಂಕದ ಪಟ್ಟಿಯಲ್ಲಿ ಅಡಕೆ, ಎಲೆ, ಮೆಣಸು ಒಟ್ಟೊಟ್ಟಿಗೆ ಬರುತ್ತವೆ. ಆ ಮೆಣಸು ಈ ಮೆಣಸಿನಕಾಯಿ ಅಲ್ಲ, ಬಳ್ಳಿಯ ಕಾಳುಮೆಣಸು. ಮೆಣಸಿನಕಾಯಿ ಅಮೆರಿಕ ಖಂಡದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ಹಳೇ ಹೆಸರನ್ನು ತನ್ನದು ಮಾಡಿಕೊಂಡಿತು. ಕಡಲೆಕಾಯಿಯದ್ದೂ ಅದೇ ಕಥೆ. ಕಡಲೆ ನಮ್ಮದು ಹಳೇದು, ಕಡಲೆಕಾಯಿ ದೂರದಿಂದ ಬಂದದ್ದು. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಪರಿಷೆಯಲ್ಲಿ ರಾಶಿ ಬೀಳುವ ಆ ಕಾಯಿಯನ್ನು ಕೆಂಪೇಗೌಡರು ತಮ್ಮ ಪೇಟೆ ಹೂಡಿದ ದಿನ ತಿಂದಿದ್ದರು ಅನ್ನೋಕೆ ನನಗಂತೂ ಧೈರ್ಯ ಸಾಲದು. ಆಲೂ ಬೋಂಡ, ಟೊಮೇಟೊ ಹಾಕಿದ ಚುರುಮುರಿಯ ಮಾತು ಬಿಡಿ. ಇಡೀ ಬೀದಿಯಲ್ಲಿ ಗಂಗರ ಕಾಲದವನೊಬ್ಬ ಬಂದು ಗುರುತು ಹಿಡಿಯಬಹುದಾದ ತಿಂಡಿ ಅಜ್ಜಿ ಬುಟ್ಟಿಯಲ್ಲಿದ್ದದ್ದೇ. ಅವರೆ ಅಷ್ಟು ಹಳೇ ಕಾಳು.

ಪೇಟೆಯ ಹೆಸರುಗಳನ್ನೂ ಹೀಗೇ ಓದಬೇಕು. ಶಾಸನಗಳಲ್ಲಿ ಅಂಗಡಿದೆರೆ, ಗಾಣದೆರೆ, ಮಗ್ಗದೆರೆ ಅಂತ ಬರುತ್ತಲ್ಲ, ಆ ತೆರೆ ಕಟ್ಟಿದವರಂಥದೇ ಜನ ಇಲ್ಲಿ ಬೀದಿ ಬೀದಿಗೆ ಹೆಸರಾಗಿ ಕೂತಿದ್ದಾರೆ: ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ದಾನ ಕೊಟ್ಟ ದೊರೆಯ ಬಿರುದು ಕಲ್ಲಿನಲ್ಲಿ ಹತ್ತು ಸಾಲು ತುಂಬುತ್ತೆ, ಗಾಣ ತಿರುಗಿಸಿದವನಿಗೆ ಸಿಗೋದು ಸೊಲ್ಲಿಗೆ ಎಣ್ಣೆಯ ಲೆಕ್ಕದಲ್ಲಿ ಅರ್ಧ ಸಾಲು. ಇಲ್ಲಿ ಅವನಿಗೆ ಪೂರ್ತಿ ಬೀದಿಯೇ ಇದೆ. ಬಳೇಪೇಟೆಗೆ ಈಗ ಜನ ಹೋಗುವುದು ತಬಲಾ, ವೀಣೆ ಕೊಳ್ಳಲು. ಪರವಾಗಿಲ್ಲ, ಹೆಸರು ಉಳಿದಿದೆ. ನನಗೆ ಸಂಕಟ ಆಗುವುದು ಹೆಸರೇ ಹೋದ ಕಡೆ. ದೊಡ್ಡಪೇಟೆ ಅವೆನ್ಯೂ ರಸ್ತೆ ಆಯ್ತು. ಪುಸ್ತಕ ಕೊಳ್ಳಲು ಬಂದ ಹುಡುಗರಿಗೆ ‘ದೊಡ್ಡಪೇಟೆ ಎಲ್ಲಿ’ ಅಂತ ಕೇಳಿದರೆ ದಾರಿ ಹುಡುಕಲು ಫೋನ್ ತೆಗೀತಾರೆ, ನಿಂತಿರೋದು ಅಲ್ಲೇ. ಅರಳೆಪೇಟೆಯನ್ನು ಇಂಗ್ಲಿಷಿಗೆ ಅನುವಾದ ಮಾಡಿ ಕಾಟನ್‌ಪೇಟೆ ಮಾಡಿದರು. ಅರಳೆ ಅಂದರೆ ಹತ್ತಿ ಅನ್ನೋದನ್ನೂ ಈಗ ಬಿಡಿಸಿ ಹೇಳಬೇಕು.

ದೊಡ್ಡಪೇಟೆ ಹಿಡಿದು ದಕ್ಷಿಣಕ್ಕೆ ನಡೆದರೆ ಕೃಷ್ಣರಾಜ ಮಾರುಕಟ್ಟೆ, ಅದರಾಚೆ ಕೋಟೆ. ಕೋಟೆಯ ಗೋಡೆಗೆ ಒಂದು ಇಂಗ್ಲಿಷ್ ಫಲಕವಿದೆ, 1791ರ ಮಾರ್ಚ್ 21ರಂದು ಬ್ರಿಟಿಷರು ಒಳನುಗ್ಗಿದ್ದು ಇಲ್ಲಿಂದಲೇ ಎಂದು. ಪೇಟೆ ಬಿದ್ದದ್ದು ಅದಕ್ಕೂ ಎರಡು ವಾರ ಮೊದಲು, ಮಾರ್ಚ್ 7ಕ್ಕೆ. ಫಲಕಕ್ಕೆ ಆ ಮಾತು ಬೇಡ. ಅದನ್ನು ಬರೆಸಿದವರು ಕೋಟೆ ಗೆದ್ದವರು, ಅಂಗಡಿ ಕಳಕೊಂಡವರಲ್ಲ.

ನಾನು ವಾಪಸ್ ಅದೇ ಮೂಲೆಗೆ ಬಂದಾಗ ಅಜ್ಜಿ ಬುಟ್ಟಿ ಖಾಲಿ ಮಾಡ್ತಿದ್ದರು. ಉಳಿದದ್ದನ್ನು ನನ್ನ ದೊನ್ನೆಗೆ ಸುರಿದು ಕೇಳಿದರು, “ಆ ಬೇಗೂರ್ ಕಲ್ಲಲ್ಲಿ, ಯಾತಕ್ಕೆ ಹೊಡೆದಾಡಿದ್ರು ಅಂತ ಬರೆದವ್ರಾ?”

“ಇಲ್ಲ ಅಜ್ಜಿ. ಸತ್ತದ್ದು ಮಾತ್ರ ಬರೆದಿದ್ದಾರೆ.”

“ಹಂಗಾದ್ರೆ ನನ್ ಕಥೇನೇ ವಾಸಿ” ಅಂದು ಬುಟ್ಟಿ ಎತ್ತಿಕೊಂಡರು.