ವ್ಯಕ್ತಿಕೇಂದ್ರಿತ ಮನೋಚಿಕಿತ್ಸೆ

ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ (1902–1987) ರೂಪಿಸಿದ ಚಿಕಿತ್ಸಾಕ್ರಮ. ಮಾನವತಾವಾದಿ ಮನೋವಿಜ್ಞಾನದ ಮುಖ್ಯ ಕವಲುಗಳಲ್ಲೊಂದು. ನೆರವು ಕೇಳಿ ಬಂದವರಿಗೆ ಉಪದೇಶ ಮಾಡದೆ, ಅವರ ಮಾತನ್ನು ಗಮನವಿಟ್ಟು ಕೇಳಿ, ಗ್ರಹಿಸಿದ್ದನ್ನು ಅವರೆದುರು ಇಟ್ಟು, ದಾರಿಯನ್ನು ಅವರೇ ಕಂಡುಕೊಳ್ಳಲು ಬಿಡುವುದು ಇದರ ತಿರುಳು.

ತತ್ತ್ವ: ಪ್ರತಿಯೊಂದು ಜೀವಿಗೂ ತನ್ನ ಅಂತಃಶಕ್ತಿಯನ್ನು ಅರಳಿಸಿಕೊಳ್ಳುವ ಸಹಜ ಒಲವಿದೆ ಎಂಬುದು ರೋಜರ್ಸ್‌ನ ನಂಬಿಕೆ. ಬಾಲ್ಯದಲ್ಲಿ ಮನೆಯ ನೆಲಮಾಳಿಗೆಯಲ್ಲಿ ಕಂಡ, ಕಿಟಕಿಯ ಬೆಳಕಿನತ್ತ ಬಿಳಿಚಿದ ಮೊಳಕೆ ಚಾಚುತ್ತಿದ್ದ ಆಲೂಗಡ್ಡೆಗಳನ್ನು ಈತ ಇದಕ್ಕೆ ಉದಾಹರಣೆ ಕೊಡುತ್ತಿದ್ದ. ಚಿಕಿತ್ಸಕನಲ್ಲಿ ಪರಾನುಭೂತಿ, ಷರತ್ತಿಲ್ಲದ ಆದರ, ಒಳಹೊರಗು ಒಂದೇ ಆಗಿರುವ ಪ್ರಾಮಾಣಿಕತೆ ಇರಬೇಕು. 1957ರ ಪ್ರಬಂಧದಲ್ಲಿ ಈ ಮೂರೂ ಸೇರಿದಂತೆ ಆರು ಷರತ್ತುಗಳನ್ನು ಹೇಳಿ, ವ್ಯಕ್ತಿತ್ವದ ಬದಲಾವಣೆಗೆ ಇವು ಅಗತ್ಯ, ಇಷ್ಟೇ ಸಾಕು ಎಂದು ವಾದಿಸಿದ.

ಧ್ವನಿಮುದ್ರಣ: ರಾಚೆಸ್ಟರ್ ನಗರದಲ್ಲಿ ಹನ್ನೆರಡು ವರ್ಷ ಮಕ್ಕಳ ನಡುವೆ ದುಡಿದ ರೋಜರ್ಸ್, 1940ರಲ್ಲಿ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಅದುವರೆಗೆ ಚಿಕಿತ್ಸೆಯ ಕೊಠಡಿಯಲ್ಲಿ ನಡೆದದ್ದು ಹೊರಬರುತ್ತಿದ್ದುದು ಬಹುಮಟ್ಟಿಗೆ ಚಿಕಿತ್ಸಕನ ನೆನಪಿನಿಂದ. ಟೇಪ್ ರೆಕಾರ್ಡರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ವಿದ್ಯಾರ್ಥಿ ಬರ್ನಾರ್ಡ್ ಕವ್ನರ್‌ನ ನೆರವಿನಿಂದ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಲಾಯಿತು. ಒಂದು ಮಗ್ಗುಲಿಗೆ ಕೆಲವೇ ನಿಮಿಷದ ಮಾತು ಹಿಡಿಸುತ್ತಿದ್ದುದರಿಂದ ಎರಡು ಯಂತ್ರಗಳನ್ನು ಸರದಿಯಂತೆ ನಡೆಸಬೇಕಿತ್ತು. ಚಿಕಿತ್ಸಕರು ಬರೆದಿಟ್ಟ ವರದಿಗಳನ್ನು ಮುದ್ರಿಕೆಯೊಡನೆ ಹೋಲಿಸಿದ ಕವ್ನರ್‌ಗೆ, ನಡೆದ ಮಾತಿನ ಬಹುಪಾಲು ವರದಿಯಲ್ಲಿ ಬಿಟ್ಟುಹೋಗಿರುವುದು ಕಂಡಿತು. ಇನ್ನೊಬ್ಬ ವಿದ್ಯಾರ್ಥಿ ಇಲಾಯಸ್ ಪೋರ್ಟರ್, ನಿರ್ದೇಶನ ನೀಡುವ ಸಲಹೆಗಾರರು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಮಾತಾಡುತ್ತಾರೆಂದು ಎಣಿಸಿ ತೋರಿಸಿದ. ‘ಹರ್ಬರ್ಟ್ ಬ್ರಯನ್’ ಎಂಬ ಕಲ್ಪಿತ ಹೆಸರಿನ ವ್ಯಕ್ತಿಯೊಡನೆ ನಡೆದ ಎಂಟು ಭೇಟಿಗಳ ಪೂರ್ಣಪಾಠ 1942ರಲ್ಲಿ ರೋಜರ್ಸ್‌ನ ಗ್ರಂಥದಲ್ಲಿ ಅಚ್ಚಾಯಿತು. ಒಂದು ಚಿಕಿತ್ಸೆಯ ಆದ್ಯಂತ ಮಾತುಕತೆ ಹೀಗೆ ಪ್ರಕಟವಾದದ್ದು ಬಹುಶಃ ಇದೇ ಮೊದಲು.

ಪರೀಕ್ಷೆ: ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದು 1954ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾನು ಹೇಗಿದ್ದೇನೆ ಹಾಗೂ ಹೇಗಿರಬೇಕು ಎಂಬ ಎರಡು ಚಿತ್ರಗಳ ಸಾಮೀಪ್ಯವನ್ನು ಅಳೆಯಲಾಯಿತು. ಚಿಕಿತ್ಸೆ ಪಡೆದವರಲ್ಲಿ ಸರಾಸರಿ ಸಹಸಂಬಂಧ –0.01ರಿಂದ 0.34ಕ್ಕೆ ಏರಿತು, ಹೋಲಿಕೆಯ ಗುಂಪಿನಲ್ಲಿ 0.58ರ ಆಸುಪಾಸಿನಲ್ಲೇ ನಿಂತಿತು. ವಿಸ್ಕಾನ್ಸಿನ್‌ನಲ್ಲಿ ಸ್ಕಿಜೊಫ್ರೀನಿಯಾ ರೋಗಿಗಳ ಮೇಲೆ ನಡೆದ ಪ್ರಯೋಗ (ಪ್ರಕಟಣೆ 1967) ಅಷ್ಟು ಫಲ ಕೊಡಲಿಲ್ಲ: ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ವಿಮರ್ಶೆ: 1966ರಲ್ಲಿ ಚಾರ್ಲ್ಸ್ ಟ್ರುಆಕ್ಸ್, ರೋಜರ್ಸ್‌ನದೇ ಒಂದು ಪ್ರಕರಣದ ಮುದ್ರಿಕೆಗಳನ್ನು ಪರಿಶೀಲಿಸಿ, ಈತನ ಆದರ, ಪರಾನುಭೂತಿಗಳು ಕೆಲವು ಬಗೆಯ ಮಾತುಗಳಿಗೆ ಹೆಚ್ಚಾಗಿ ಒದಗುತ್ತಿದ್ದವೆಂದು ತೋರಿಸಿದ. ಇದರಿಂದ ಪೂರ್ಣ ಅನಿರ್ದೇಶನ ಸಾಧ್ಯವೇ ಎಂಬ ಪ್ರಶ್ನೆ ಎದ್ದಿತು. ಮೂಲ ಷರತ್ತುಗಳು ಉಪಯುಕ್ತವೆಂದು ಒಪ್ಪುವವರಲ್ಲಿ ಹಲವರು ಅವಷ್ಟೇ ಸಾಕೆಂಬುದನ್ನು ಒಪ್ಪುವುದಿಲ್ಲ.

ಪ್ರಭಾವ: ವರ್ಜೀನಿಯಾ ಆಕ್ಸ್‌ಲೈನ್ ಈ ಕ್ರಮವನ್ನು ಮಕ್ಕಳ ಆಟದ ಚಿಕಿತ್ಸೆಗೂ, ಥಾಮಸ್ ಗಾರ್ಡನ್ ತಂದೆತಾಯಿಗಳ ತರಬೇತಿಗೂ ಅಳವಡಿಸಿದರು. ಆಪ್ತಸಮಾಲೋಚಕರ ಪ್ರಾಥಮಿಕ ಶಿಕ್ಷಣದಲ್ಲಿ ಕೇಳುವ ಕೌಶಲಕ್ಕೆ ಸಿಕ್ಕಿರುವ ಸ್ಥಾನದಲ್ಲೂ ಇದರ ಪಾಲಿದೆ. ರೋಜರ್ಸ್‌ನ ತತ್ತ್ವಕ್ಕಿಂತ ಹೆಚ್ಚು ನಿರ್ವಿವಾದವಾಗಿ ಉಳಿದಿರುವುದು, ಚಿಕಿತ್ಸಕನ ಕೆಲಸವನ್ನು ಇತರರ ಪರಿಶೀಲನೆಗೆ ಒಡ್ಡಬೇಕೆಂಬ ಈತನ ನಿಲುವು.