ಎಂಟಿಲ್ಲದ ಮಗ್ಗಿ

ಭಾಗ 14

ಹತ್ತೊಂಬತ್ತೊಂದ್ಲ ಹತ್ತೊಂಬತ್ತು. ಹತ್ತೊಂಬತ್ತೆರಡ್ಲ ಮೂವತ್ತೆಂಟು. ಆಮೇಲೆ?

ಆಮೇಲೆ ನನ್ನ ಗಂಟಲು ಕಟ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಇಪ್ಪತ್ತರ ತನಕ ಮಗ್ಗಿ ಹೇಳಬೇಕಿತ್ತು. ಹತ್ತೊಂಬತ್ತರಲ್ಲಿ ತಪ್ಪಿದ್ರೆ ಮತ್ತೆ ಮೊದಲಿಂದ. 19, 38, 57, 76, 95... ಕೊನೆಯ ಅಂಕಿ 9, 8, 7, 6, 5 ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತೆ ಅನ್ನೋದು ನನಗೆ ಹೊಳೆದಿದ್ದು ಮಗ್ಗಿ ಒಪ್ಪಿಸೋ ವಯಸ್ಸು ದಾಟಿದ ಮೇಲೆ. ಯಾರೂ ತೋರಿಸಿರಲಿಲ್ಲ.

ಇವತ್ತಿನ ಕಥೆ, ಲೆಕ್ಕದಲ್ಲಿ ಇಂಥ ಚೆಂದ ಇದೆ ಅಂತ ಸುಮಾರು 1,200 ವರ್ಷದ ಹಿಂದೆ ತೋರಿಸಿದವರದ್ದು.

ಮೊದಲ ಫೋಟೋ ಮಳಖೇಡದ ಕೋಟೆಯದ್ದು. ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕು, ಕಾಗಿಣಾ ನದಿಯ ದಂಡೆ. ಒಂದು ಕಾಲಕ್ಕೆ ಇದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕೇಳಿದರೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತೆ. ಆದರೆ ಅದೇ ದೊರೆಯ ಕಾಲದಲ್ಲಿ, ಸುಮಾರು 850ರಲ್ಲಿ, ಇನ್ನೊಂದು ಪುಸ್ತಕವೂ ಹುಟ್ಟಿತು: ಸಂಸ್ಕೃತದ ‘ಗಣಿತಸಾರಸಂಗ್ರಹ’. ಬರೆದವರು ಮಹಾವೀರಾಚಾರ್ಯರು. (ತೀರ್ಥಂಕರ ಮಹಾವೀರ ಅಲ್ಲ. ಇವರು ಜೈನ ಗಣಿತಜ್ಞರು.) ಪುಸ್ತಕದ ಆರಂಭದಲ್ಲೇ ನೃಪತುಂಗನನ್ನು ಹೊಗಳುತ್ತಾರೆ. ಅಡುಗೆ, ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ಎಲ್ಲದಕ್ಕೂ ಗಣಿತ ಬೇಕು ಅಂತ ಪಟ್ಟಿ ಮಾಡ್ತಾರೆ.

ಗುಣಾಕಾರದ ಭಾಗಕ್ಕೆ ಬಂದಾಗ ಅವರು ಕೆಲವು ವಿಚಿತ್ರ ಲೆಕ್ಕ ಕೊಡ್ತಾರೆ. ಅವುಗಳಲ್ಲೊಂದು: 12345679ನ್ನು 9ರಿಂದ ಗುಣಿಸಿ. ಉತ್ತರ 111111111!

ಅವರು ಕೊಟ್ಟಿದ್ದು ಒಂದು ಗುಣಾಕಾರ. ನಾವು ಅದನ್ನೇ ಮಗ್ಗಿ ಥರ ಹೇಳ್ಕೊಂಡು ಹೋಗೋಣ. ಒಂದಿಷ್ಟು ದೊಡ್ಡ ಮಗ್ಗಿ, ಹೆದರಬೇಡಿ:

1 → 12345679
2 → 24691358
3 → 37037037
4 → 49382716
5 → 61728395
6 → 74074074
7 → 86419753
8 → 98765432
9 → 111111111

ಈಗ ನಿಧಾನವಾಗಿ ನೋಡಿ.

ಕೊನೆಯ ಅಂಕಿಗಳು 9, 8, 7 ಅಂತ 1ರ ತನಕ ಇಳಿಯುತ್ತವೆ. ಥೇಟ್ ನಮ್ಮ ಹತ್ತೊಂಬತ್ತರ ಮಗ್ಗಿ! ಎರಡೂ ಸಂಖ್ಯೆ 9ರಲ್ಲಿ ಮುಗಿಯುತ್ತವಲ್ಲ, ಪ್ರತಿ ಸಲ 9 ಕೂಡಿದಾಗ ಬಿಡಿ ಸ್ಥಾನ ಒಂದು ಇಳಿಯಲೇಬೇಕು.

ಮೊದಲ ಸಾಲಲ್ಲಿ 8 ಇಲ್ಲ. ಎರಡನೇದರಲ್ಲಿ 7 ಇಲ್ಲ. ನಾಲ್ಕರಲ್ಲಿ 5, ಐದರಲ್ಲಿ 4, ಏಳರಲ್ಲಿ 2, ಎಂಟರಲ್ಲಿ 1 ಇಲ್ಲ. ಈ ಆರೂ ಸಾಲುಗಳಲ್ಲಿ 1ರಿಂದ 9ರೊಳಗಿನ ಒಂದೇ ಒಂದು ಅಂಕಿ ರಜೆ ಹಾಕಿರುತ್ತೆ, ಉಳಿದ ಎಂಟೂ ಒಂದೊಂದು ಸಲ ಹಾಜರ್. ಮೂರು ಮತ್ತು ಆರನೇ ಸಾಲು ಮಾತ್ರ ಬೇರೆ ರಾಗ: 37037037, 74074074.

ಮೊದಲ ಸಾಲಲ್ಲಿ 8 ಯಾಕಿಲ್ಲ? 111111111ನ್ನು 9ರಿಂದ ಭಾಗಿಸಿ ನೋಡಿ. 11ರಲ್ಲಿ ಒಂದು ಸಲ, ಶೇಷ 2. ಮುಂದಿನ 1 ಇಳಿಸಿದ್ರೆ 21, ಎರಡು ಸಲ, ಶೇಷ 3. 31ಕ್ಕೆ ಮೂರು ಸಲ. ಹೀಗೇ 71ಕ್ಕೆ ಏಳು ಸಲ, ಶೇಷ 8. ಕೊನೆಗೆ ಬರೋದು 81. ಅದು ಒಂಬತ್ತೊಂಬತ್ಲ ಎಂಬತ್ತೊಂದು, ಶೇಷವೇ ಇಲ್ಲ! ಎಂಟನ್ನು ಹಾರಿ ಒಂಬತ್ತಕ್ಕೆ ಹೋಗಿಬಿಡುತ್ತೆ. ಮಂತ್ರ ಇಲ್ಲ, ಬರೀ ಭಾಗಾಕಾರ.

ಮಹಾವೀರಾಚಾರ್ಯರು ಇಂಥ ಉತ್ತರಗಳನ್ನು ‘ಕಂಠಿಕೆ’ ಅಂತಾರೆ, ಅಂದರೆ ಕೊರಳ ಹಾರ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಪೋಣಿಸಿದ ಮಣಿಗಳ ಹಾಗೆ. ಇನ್ನೂ ಕೆಲವು ಹಾರ ನೋಡಿ:

139 × 109 = 15151
142857143 × 7 = 1000000001
27994681 × 441 = 12345654321

ಕ್ಯಾಲ್ಕುಲೇಟರ್ ಇಲ್ಲದ ಕಾಲ. ಶ್ಲೋಕದೊಳಗೆ ಸಂಖ್ಯೆಗಳನ್ನೂ ಪದಗಳಲ್ಲೇ ಹೇಳಬೇಕು. ಅದರ ನಡುವೆ, ಲೆಕ್ಕ ಕಲಿಯೋನು ಉತ್ತರ ಬಂದಾಗ ಒಂದು ಕ್ಷಣ ಬೆರಗಾಗಲಿ ಅಂತ ಇಂಥ ಸಂಖ್ಯೆ ಹುಡುಕಿ ಇಟ್ಟಿದ್ದಾರೆ ಅಂತಲೇ ನನಗನಿಸುತ್ತೆ.

972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಕೆಲವೇ ವರ್ಷದಲ್ಲಿ ರಾಷ್ಟ್ರಕೂಟರ ಆಳ್ವಿಕೆಯೂ ಮುಗಿಯಿತು. ಪುಸ್ತಕ ಮಾತ್ರ ಉಳಿಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದದ ಜೊತೆಗೂ ಬಂತು.

ಮಳಖೇಡದ ಅರಮನೆ ಹೇಗಿತ್ತು ಅಂತ ನಾವು ಊಹೆ ಮಾಡಬೇಕು. ಈ ಹಾರಗಳಿಗೆ ಊಹೆ ಬೇಡ. ಸ್ಲೇಟು ಬಳಪ ಸಿಕ್ಕ ಯಾವ ಮಗುವಾದರೂ ಇವತ್ತೇ ಅದನ್ನು ಹೊಸದಾಗಿ ಕಟ್ಟಬಹುದು, ಒಂದು ಮಣಿಯೂ ಕಳೆದಿರಲ್ಲ.

ಮನೆಯಲ್ಲಿ ಮಗ್ಗಿಗೆ ಅಳೋ ಮಕ್ಕಳಿದ್ದರೆ ಇವತ್ತು ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಲ್ಲೇ ಇದನ್ನು ಮಾಡಿಸಿ: 152207 × 73. ಇದೂ ಮಹಾವೀರಾಚಾರ್ಯರದ್ದೇ. ಉತ್ತರ ನಾನು ಹೇಳಲ್ಲ, ಕಾಮೆಂಟಲ್ಲಿ ನೀವೇ ಹಾಕಿ. 🙏🏽